ಅಂಗೈಯಗಲದ ನ್ಯಾಟ್: ಜೋಡಿಸುವುದು ಸುಲಭ, ನಂಬಿಸುವುದು ಕಷ್ಟ

ಪ್ಲಾಸ್ಟಿಕ್ ಮಾದರಿ ವಿಮಾನಗಳ ಹವ್ಯಾಸಕ್ಕೆ ಕಾಲಿಡುವ ಭಾರತೀಯರಲ್ಲಿ ಅನೇಕರು ಮೊದಲು ಕಟ್ಟಬಯಸುವುದು ನ್ಯಾಟ್ ವಿಮಾನವನ್ನು. ಕಾರಣ ಸ್ಪಷ್ಟ. 1971ರ ಡಿಸೆಂಬರ್ 14ರಂದು ಪಾಕಿಸ್ತಾನದ ಸೇಬರ್ ಜೆಟ್‌ಗಳು ಶ್ರೀನಗರದ ವಾಯುನೆಲೆಯ ಮೇಲೆ ಎರಗಿದಾಗ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರು ಮೇಲೇರಿ ಎದುರಿಸಿದ್ದು ನ್ಯಾಟ್‌ನಲ್ಲೇ. ಆ ಹೋರಾಟದಲ್ಲಿ ಮಡಿದ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ವಾಯುಪಡೆಗೆ ದೊರೆತಿರುವ ಪರಮವೀರ ಚಕ್ರ ಅದೊಂದೇ. ಮೇಲಾಗಿ, ಬ್ರಿಟನ್ನಿನ ಫಾಲಂಡ್ ಕಂಪನಿ ವಿನ್ಯಾಸಗೊಳಿಸಿದ ಈ ವಿಮಾನವನ್ನು ಪರವಾನಗಿ ಪಡೆದು ನಿರ್ಮಿಸಿದ್ದು ಬೆಂಗಳೂರಿನ ಎಚ್‌ಎಎಲ್. ಕನ್ನಡಿಗರಿಗೆ ಅದರ ಬಗ್ಗೆ ಮಮತೆ ಹೆಚ್ಚಾದರೆ ಅಚ್ಚರಿಯಿಲ್ಲ.

ಆದರೆ ಎಡವುವುದೂ ಇಲ್ಲಿಯೇ. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ ದಶಕಗಳ ಕಾಲ ಮಾರಿದ ಅಗ್ಗದ ನ್ಯಾಟ್ ಕಿಟ್‌ನ ಪೆಟ್ಟಿಗೆಯ ಮೇಲಿರುವುದು ಕೆಂಪು ಬಣ್ಣದ ವಿಮಾನ. ಅದು 'ರೆಡ್ ಆರೋಸ್' ಎಂಬ ಬ್ರಿಟಿಷ್ ವೈಮಾನಿಕ ಪ್ರದರ್ಶನ ತಂಡ 1965ರಿಂದ 1979ರವರೆಗೆ ಹಾರಿಸಿದ ಎರಡು ಆಸನಗಳ ತರಬೇತಿ ವಿಮಾನ. ಭಾರತದ ವಾಯುಪಡೆ ಬಳಸಿದ್ದು ಒಂದೇ ಆಸನದ ಯುದ್ಧವಿಮಾನ. ಹೆಸರು ಒಂದೇ ಆದರೂ ತರಬೇತಿ ವಿಮಾನದ ರೆಕ್ಕೆ ದೊಡ್ಡದು, ಒಡಲು ಉದ್ದ, ಬಾಲ ಬೇರೆ. ಕೆಂಪಿನ ಬದಲು ಬೆಳ್ಳಿಬಣ್ಣ ಬಳಿದು, ತ್ರಿವರ್ಣದ ವೃತ್ತ ಅಂಟಿಸಿದ ಮಾತ್ರಕ್ಕೆ ಅದು ಸೆಖೋನ್ ಅವರ ವಿಮಾನವಾಗುವುದಿಲ್ಲ. ಈ ಲೇಖಕನೂ ಅದೇ ತಪ್ಪು ಮಾಡಿ, ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ್ದ ಹಿರಿಯರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದ್ದುಂಟು. ಅವರು ಅದನ್ನು ಎರಡು ಬಾರಿ ತಿರುಗಿಸಿ ನೋಡಿ, "ಚೆನ್ನಾಗಿದೆ, ಆದರೆ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಿದ್ದರು?" ಎಂದಷ್ಟೇ ಕೇಳಿದರು.

ಮಾದರಿ ವಿಮಾನವು ಆಟಿಕೆಗಿಂತ ಭಿನ್ನವಾಗುವುದು ಈ ಒಂದು ಪ್ರಶ್ನೆಯಲ್ಲಿ. ಆಟಿಕೆ 'ಒಂದು ವಿಮಾನ' ಆಗಿದ್ದರೆ ಸಾಕು. ಮಾದರಿಯಾದರೋ ಇಂಥ ವರ್ಷ, ಇಂಥ ನೆಲೆಯಲ್ಲಿ ನಿಂತಿದ್ದ ಇಂಥದೇ ವಿಮಾನ ಹೀಗಿತ್ತು ಎಂದು ಹೇಳುತ್ತದೆ. ಆ ಹೇಳಿಕೆ ನಿಜವೋ ಸುಳ್ಳೋ ಎಂಬುದು ನಿರ್ಧಾರವಾಗುವುದು ಜೋಡಣೆಯಲ್ಲಿ ಅಲ್ಲ, ಅಂತಿಮ ರೂಪ ನೀಡುವ ಕೆಲಸದಲ್ಲಿ.

ಎಪ್ಪತ್ತೆರಡರ ಲೆಕ್ಕ

ಮಾದರಿ ವಿಮಾನಗಳು ಹಲವು ಪ್ರಮಾಣಗಳಲ್ಲಿ ದೊರೆಯುತ್ತವೆ. 1/72, 1/48 ಮತ್ತು 1/32 ಹೆಚ್ಚು ಬಳಕೆಯಲ್ಲಿರುವಂಥವು. 72 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆರು ಅಡಿಯಲ್ಲಿ 72 ಅಂಗುಲಗಳಿವೆ. ಆರಡಿ ಎತ್ತರದ ಮನುಷ್ಯ ಒಂದು ಅಂಗುಲವಾದರೆ ಅದೇ 1/72. ಇಂಗ್ಲೆಂಡಿನಲ್ಲಿ 1936ರಲ್ಲಿ 'ಫ್ರಾಗ್ ಪೆಂಗ್ವಿನ್' ಹೆಸರಿನಲ್ಲಿ ಬಂದ ಮೊದಲ ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಇದೇ ಪ್ರಮಾಣದವು. 1953ರಲ್ಲಿ ಏರ್‌ಫಿಕ್ಸ್ ತಂದ ಸ್ಪಿಟ್‌ಫೈರ್ ಕೂಡ ಹಾಗೆಯೇ.

ಎರಡನೆಯ ಮಹಾಯುದ್ಧದಲ್ಲಿ ಈ ಲೆಕ್ಕಕ್ಕೆ ಜೀವನ್ಮರಣದ ಅರ್ಥವೂ ಇತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ಗನ್ನರ್‌ಗಳಿಗೆ ಶತ್ರು ವಿಮಾನ ಯಾವುದು, ಮಿತ್ರ ವಿಮಾನ ಯಾವುದು ಎಂದು ಕಲಿಸಲು ಐದು ಲಕ್ಷ ಮರದ ಮಾದರಿಗಳು ಬೇಕೆಂದು ಶಾಲಾ ವಿದ್ಯಾರ್ಥಿಗಳಿಗೆ ಕರೆಕೊಟ್ಟಿತು. 1/72ರ ಮಾದರಿಯನ್ನು 35 ಅಡಿ ದೂರದಲ್ಲಿ ತೂಗುಬಿಟ್ಟರೆ ಅದು 2,520 ಅಡಿ, ಅಂದರೆ ಸುಮಾರು ಅರ್ಧ ಮೈಲಿ ದೂರದಲ್ಲಿರುವ ನಿಜ ವಿಮಾನದಷ್ಟೇ ಕಾಣುತ್ತದೆ. ಆ ಮಾದರಿಗಳಿಗೆ ಬಳಿದದ್ದು ಬರೀ ಕಪ್ಪು ಬಣ್ಣ. ಆಕಾರವಷ್ಟೇ ಮುಖ್ಯವಾಗಿತ್ತು.

ಭಾರತದ ನ್ಯಾಟ್‌ನ ರೆಕ್ಕೆಗಳ ಹರವು 6.73 ಮೀಟರ್. 72ರಿಂದ ಭಾಗಿಸಿದರೆ 9.3 ಸೆಂ.ಮೀ. ಅಂಗೈ ಮೇಲೆ ಆರಾಮವಾಗಿ ಕೂರುತ್ತದೆ. ಝೆಕ್ ಗಣರಾಜ್ಯದ ತಯಾರಕರು ಏಕಾಸನದ ನ್ಯಾಟ್ ಹಾಗೂ ಅದರಿಂದಲೇ ಎಚ್‌ಎಎಲ್ ರೂಪಿಸಿದ ಅಜೀತ್ ವಿಮಾನದ ಕಿಟ್‌ಗಳನ್ನು ಹೊರತಂದಿದ್ದಾರೆ. ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗುವ ಇಂಥ ಕಿಟ್‌ಗಳು ಎಲ್ಲ ಕಾಲದಲ್ಲಿಯೂ ಸಿಗುವುದಿಲ್ಲ. ಭಾಗಗಳನ್ನು ಸರಿಯಾಗಿ ಕೂರಿಸುವ ಗೂಟಗಳೂ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಹೊಸಬರು ಮೊದಲು ಆ ಕೆಂಪು ತರಬೇತಿ ವಿಮಾನವನ್ನೇ ಕೆಂಪಾಗಿಯೇ ಕಟ್ಟಿ ಕೈ ಪಳಗಿಸಿಕೊಳ್ಳುವುದು ಜಾಣತನ.

ಅಂಟಲ್ಲ, ಬೆಸುಗೆ

ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು, ಡಿಕಾಲ್ ಹಾಳೆ ಮತ್ತು ಸೂಚನಾಪತ್ರ ಇರುತ್ತವೆ. ಕರಗಿದ ಪಾಲಿಸ್ಟೈರೀನನ್ನು ಲೋಹದ ಅಚ್ಚಿಗೆ ಒತ್ತಡದಲ್ಲಿ ತುಂಬಿ ಇವನ್ನು ತಯಾರಿಸುತ್ತಾರೆ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಜಿಡ್ಡು ಭಾಗಗಳ ಮೇಲೆ ಉಳಿದಿರಬಹುದು. ಆದಕಾರಣ ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಭಾಗಗಳನ್ನು ಕೈಯಿಂದ ಮುರಿಯದೆ ಕಟರ್‌ನಿಂದ ಕತ್ತರಿಸಿ, ಅಂಟು ಹಾಕುವ ಮೊದಲು ಒಮ್ಮೆ ಒಣಗಿದಂತೆಯೇ ಜೋಡಿಸಿ ನೋಡಬೇಕು.

ಇದಕ್ಕೆ ಬಳಸುವ ದ್ರವವನ್ನು ಅಂಟು ಎನ್ನುವುದೇ ಸರಿಯಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಕ. ಎರಡು ಅಂಚುಗಳನ್ನು ಸೇರಿಸಿ ಹಿಡಿದು ಕುಂಚದ ತುದಿಯಿಂದ ಮುಟ್ಟಿಸಿದರೆ ದ್ರವ ಸಂದಿನೊಳಗೆ ತಾನೇ ಹರಿದುಕೊಳ್ಳುತ್ತದೆ. ಎರಡೂ ಕಡೆಯ ಪ್ಲಾಸ್ಟಿಕ್ ಕರಗಿ, ಬೆರೆತು, ದ್ರಾವಕ ಆರಿದಾಗ ಒಂದೇ ತುಂಡಾಗುತ್ತದೆ. ಇದು ನಿಜವಾದ ಬೆಸುಗೆ. ಒಡಲಿನ ಎರಡು ಹೋಳುಗಳನ್ನು ಕೂಡಿಸುವಾಗ ಮೆಲ್ಲಗೆ ಅದುಮಿದರೆ ಕರಗಿದ ಪ್ಲಾಸ್ಟಿಕ್ ದಾರದಂತೆ ಹೊರಗೆ ಉಬ್ಬಬೇಕು. ಒಂದೆರಡು ದಿನ ಬಿಟ್ಟು ಆ ಉಬ್ಬನ್ನು ಉಜ್ಜಿ ತೆಗೆದರೆ ಸಂದು ಮಾಯವಾಗುತ್ತದೆ. ಅವಸರದಲ್ಲಿ ಮರುದಿನವೇ ಉಜ್ಜಿದರೆ ಒಳಗಿನ ದ್ರಾವಕ ನಿಧಾನವಾಗಿ ಆರಿ, ಬಣ್ಣ ಬಳಿದ ಮೇಲೆ ಅದೇ ಜಾಗ ಗೆರೆಯಂತೆ ಕುಸಿಯುತ್ತದೆ.

ಕಾಕ್‌ಪಿಟ್ಟಿನ ಗಾಜಿಗೆ ಮಾತ್ರ ಈ ದ್ರವವೂ ಬೇಡ, ಫೆವಿಕ್ವಿಕ್ ಕೂಡ ಬೇಡ. ಫೆವಿಕ್ವಿಕ್‌ನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಅಲ್ಲಿ ನಮ್ಮ ಮನೆಗಳಲ್ಲಿರುವ ಫೆವಿಕಾಲ್ ಸಾಕು. ಆರಿದಾಗ ಪಾರದರ್ಶಕವಾಗುತ್ತದೆ, ಹೆಚ್ಚಾದುದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮೂಗಿನಡಿ ಗಾಲಿಯಿರುವ ವಿಮಾನವಾದರೆ ಒಡಲು ಮುಚ್ಚುವ ಮೊದಲು ಮೂಗಿನೊಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಚೂರನ್ನೋ ಸೈಕಲ್ ಬೇರಿಂಗಿನ ಗುಂಡನ್ನೋ ಇಡಬೇಕು. ಮರೆತರೆ ವಿಮಾನ ಬಾಲವೂರಿ ಕೂರುತ್ತದೆ. ಮರೆಯದವರು ಈ ಹವ್ಯಾಸದಲ್ಲಿ ಕಡಿಮೆ!

ಇನ್ನು ಉಜ್ಜುವ ಕೆಲಸ. ಇದು ಯಾರಿಗೂ ಪ್ರಿಯವಲ್ಲ, ಆದರೆ ಇಡೀ ಮಾದರಿಯ ಹಣೆಬರಹ ಇರುವುದು ಇಲ್ಲಿ. ಗ್ಯಾರೇಜಿನವರು 'ವಾಟರ್ ಪೇಪರ್' ಎನ್ನುವ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, 400ರಿಂದ ಆರಂಭಿಸಿ 600, 1000, 2000 ಎಂದು ನಯವಾಗುತ್ತ ಹೋಗಬೇಕು. ಉಳಿದ ಸಂದುಗಳಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಸಾಕಾಯಿತೆಂದು ಕಣ್ಣು ಹೇಳಿದರೂ ನಂಬಬಾರದು. ಕಣ್ಣಿಗಿಂತ ಬೆರಳಿನ ಉಗುರು ಹೆಚ್ಚು ಪ್ರಾಮಾಣಿಕ. ಸಂದಿನ ಮೇಲೆ ಉಗುರು ಆಡಿಸಿದಾಗ ಎಲ್ಲಿಯೂ ತಡೆಯದಿದ್ದರೆ ಮಾತ್ರ ಮುಂದಿನ ಹಂತ. ಬೂದುಬಣ್ಣದ ಪ್ರೈಮರ್ ಒಂದು ಪದರ ಹೊಡೆದಾಗ ಉಳಿದ ದೋಷಗಳೆಲ್ಲ ಬಯಲಿಗೆ ಬರುತ್ತವೆ. ಮತ್ತೆ ಉಜ್ಜು, ಮತ್ತೆ ಪ್ರೈಮರ್. ಮೂರು ಸಲ ಹೀಗಾದರೂ ಬೇಸರಿಸಬಾರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮತ್ತು ಉಗುರು ಬಣ್ಣ ತೆಗೆಯುವ ಅಸಿಟೋನ್ ಪಾಲಿಸ್ಟೈರೀನನ್ನು ತಿಂದುಹಾಕುತ್ತವೆ. ಬಣ್ಣ ತಪ್ಪಾಯಿತೆಂದು ಅವುಗಳಿಂದ ಒರೆಸಲು ಹೊರಟರೆ ಬಣ್ಣದೊಡನೆ ರೆಕ್ಕೆಯೂ ಹೋಗುತ್ತದೆ.

ಮಂಗಳೂರಿನ ಮಳೆ, ಕಲಬುರಗಿಯ ಬಿಸಿಲು

ಕುಂಚದಿಂದಲೂ ಬಣ್ಣ ಬಳಿಯಬಹುದು. ಆದರೆ ಲೆಕ್ಕ ಹಾಕಿ ನೋಡಿ: 0.05 ಮಿ.ಮೀ. ದಪ್ಪದ ಬಣ್ಣದ ಪದರ 72 ಪಟ್ಟಾದರೆ 3.6 ಮಿ.ಮೀ. ನಿಜ ವಿಮಾನಕ್ಕೆ ಯಾರೂ ಅಷ್ಟು ದಪ್ಪ ಬಣ್ಣ ಮೆತ್ತುವುದಿಲ್ಲ. ಅದಕ್ಕಾಗಿಯೇ ಏರ್‌ಬ್ರಷ್. 0.2 ಅಥವಾ 0.3 ಮಿ.ಮೀ. ರಂಧ್ರದ ಈ ಪುಟ್ಟ ಪಿಚಕಾರಿ ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಹರಡುತ್ತದೆ. ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಒಂದೇ ದಪ್ಪ ಪದರದ ಬದಲು ಮೂರು ನಾಲ್ಕು ತೆಳು ಪದರಗಳನ್ನು ಹೊಡೆಯಬೇಕು.

ಸೂಚನಾಪತ್ರ ಬರೆಯುವವರು ನಮ್ಮ ಹವಾಮಾನ ಬಲ್ಲವರಲ್ಲ. ಕರಾವಳಿಯಲ್ಲಿ ಜೂನ್-ಜುಲೈ ತಿಂಗಳ ಗಾಳಿಯಲ್ಲಿ ತೇವವೇ ತುಂಬಿರುತ್ತದೆ. ಲ್ಯಾಕರ್ ಬಣ್ಣದ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿನ ತೇವ ಅದರ ಮೇಲೆ ಸಾಂದ್ರೀಕರಿಸುತ್ತದೆ. ಹೊಳೆಯಬೇಕಾದ ಮೈಮೇಲೆ ಬೂಷ್ಟು ಹಿಡಿದಂತಹ ಬಿಳಿ ಮಸುಕು ಮೂಡುತ್ತದೆ. ಕಂಪ್ರೆಸರ್‌ನ ಕೊಳವೆಯಲ್ಲೂ ನೀರು ಕಟ್ಟಿಕೊಂಡು ಬಣ್ಣದ ನಡುವೆ ಹನಿಯಾಗಿ ಉಗುಳುತ್ತದೆ. ನೀರು ಹಿಡಿಯುವ ಫಿಲ್ಟರ್ ಅಳವಡಿಸುವುದು, ನಿಧಾನವಾಗಿ ಆವಿಯಾಗುವ ಥಿನ್ನರ್ ಬಳಸುವುದು, ಅದಕ್ಕಿಂತ ಮಿಗಿಲಾಗಿ ಹೊಳವಾದ ದಿನಕ್ಕೆ ಕಾಯುವುದು ಇದಕ್ಕೆ ಪರಿಹಾರ. ಕಲಬುರಗಿ, ರಾಯಚೂರುಗಳ ಏಪ್ರಿಲ್‌ನಲ್ಲಿ ಸಮಸ್ಯೆ ತಿರುವುಮುರುವು. ಅಕ್ರಿಲಿಕ್ ಬಣ್ಣ ಮಾದರಿಯನ್ನು ತಲುಪುವ ಮೊದಲೇ ಸೂಜಿಯ ತುದಿಯಲ್ಲಿ ಒಣಗಿ ಗಂಟಾಗುತ್ತದೆ, ತಲುಪಿದ್ದೂ ಪುಡಿಯಂತೆ ಒರಟಾಗಿ ಕೂರುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ನಾಲ್ಕು ಹನಿ ಬೆರೆಸಿ, ಬೆಳಗಿನ ಜಾವ ಕೆಲಸ ಮಾಡುವುದು ಒಳಿತು. ಬೆಂಗಳೂರಿನವರು ಈ ವಿಷಯದಲ್ಲಿ ಅದೃಷ್ಟವಂತರು.

ಗಾಳಿಗೆ ಸೇರುವ ಬಣ್ಣ ಶ್ವಾಸಕೋಶಕ್ಕೂ ಸೇರುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಲೇಬೇಕು. ನೀರಿನಲ್ಲಿ ಕರಗುವ ಬಣ್ಣಕ್ಕೆ ವಾಸನೆಯಿಲ್ಲ, ಆದುದರಿಂದ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು. ಅದರ ಸೂಕ್ಷ್ಮ ಕಣಗಳೂ ಒಳಗೆ ಹೋಗುತ್ತವೆ. ಹತ್ತಡಿ ಹತ್ತಡಿಯ ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ಲ್ಯಾಕರ್ ಹೊಡೆಯುವುದು ಹವ್ಯಾಸವಲ್ಲ, ಹುಚ್ಚುತನ. ಹೊರಕ್ಕೆ ಗಾಳಿ ತಳ್ಳುವ ಫ್ಯಾನ್ ಇರಬೇಕು. ದ್ರಾವಕದ ಆವಿಗೆ ಬಟ್ಟೆಯ ಮಾಸ್ಕ್ ಸಾಲದು, ಇದ್ದಿಲಿನ ಫಿಲ್ಟರ್ ಇರುವುದೇ ಬೇಕು. ಹತ್ತಿರದಲ್ಲಿ ಬೆಂಕಿ, ದೀಪ ಇರಕೂಡದು.

ಯಾವ ಬಣ್ಣ? ಯಾವ ವರ್ಷದ್ದು?

1965ರ ಯುದ್ಧಕಾಲದ ನ್ಯಾಟ್‌ಗಳ ಛಾಯಾಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಬೆಳ್ಳಿಯಂತಹ ಲೋಹದ ಮೈ. 1971ರ ಹೊತ್ತಿಗೆ ಕ್ಯಾಮೊಫ್ಲಾಜ್ ಬಂದಿತ್ತು. ಆದರೆ ಅದು ಕಾರ್ಖಾನೆಯಲ್ಲಿ ಒಂದೇ ನಮೂನೆಯಲ್ಲಿ ಬಳಿದದ್ದು ಎಂದು ಭಾವಿಸಬಾರದು. ಆ ಕಾಲದ ಮಿಗ್-21 ವಿಮಾನಗಳನ್ನೇ ನೋಡಿ. ಲೋಹದ ಬಣ್ಣದಲ್ಲಿ ಬಂದ ಅವುಗಳಿಗೆ ಯುದ್ಧದ ವೇಳೆ ಆಯಾ ಸ್ಕ್ವಾಡ್ರನ್‌ಗಳು ತಮ್ಮಲ್ಲಿದ್ದ ಬಣ್ಣದಲ್ಲಿ ತಮಗೆ ತೋಚಿದಂತೆ ಪಟ್ಟೆಗಳನ್ನೂ ಮಚ್ಚೆಗಳನ್ನೂ ಎಳೆದವು. ಪಕ್ಕಪಕ್ಕದ ಎರಡು ವಿಮಾನಗಳು ಒಂದೇ ರೀತಿ ಇರಲಿಲ್ಲ. ಹೀಗಿರುವಾಗ ಕಿಟ್‌ನ ಸೂಚನಾಪತ್ರ ಹೇಳುವ 'ಭಾರತೀಯ ವಾಯುಪಡೆ, 1971' ಎಂಬ ಒಂದು ಚಿತ್ರವನ್ನು ಎಷ್ಟು ನೆಚ್ಚಬಹುದು?

ಕಪ್ಪುಬಿಳುಪು ಚಿತ್ರಗಳಿಂದ ಬಣ್ಣ ಊಹಿಸುವುದೂ ಅಪಾಯವೇ. ಕೆಲವು ಬಗೆಯ ಫಿಲ್ಮುಗಳಲ್ಲಿ ಕೇಸರಿ ಕಪ್ಪಗೆ ಕಾಣುತ್ತದೆ, ಹಸಿರು ಮತ್ತು ಕಂದು ಒಂದೇ ಬೂದಾಗುತ್ತವೆ. ಒಳ್ಳೆಯ ಮಾದರಿಕಾರರು ಅನುಸರಿಸುವ ನಿಯಮ ಸರಳವಾದುದು. ಒಂದು ವಿಮಾನದ ಸಂಖ್ಯೆಯನ್ನು ಆರಿಸಿಕೊಂಡು, ಆ ಸಂಖ್ಯೆಯ ಚಿತ್ರ ಸಿಗುವವರೆಗೆ ಬಣ್ಣದ ಡಬ್ಬಿ ತೆರೆಯುವುದಿಲ್ಲ.

ವಾಯುಪಡೆಯ ವೃತ್ತ ಲಾಂಛನಕ್ಕೂ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದ ಭಾರತೀಯ ವಿಮಾನಗಳ ಬ್ರಿಟಿಷ್ ಲಾಂಛನದಿಂದ ನಡುವಿನ ಕೆಂಪು ಚುಕ್ಕೆಯನ್ನು ಕಿತ್ತು, ಎರಡು ಬಗೆಯ ನೀಲಿಯನ್ನಷ್ಟೇ ಉಳಿಸಲಾಗಿತ್ತು. ಜಪಾನೀಯರ ಕೆಂಪು ಸೂರ್ಯನೆಂದು ತಮ್ಮವರೇ ತಪ್ಪು ತಿಳಿದು ಗುಂಡು ಹಾರಿಸಬಾರದಲ್ಲ! ಸ್ವಾತಂತ್ರ್ಯದ ಬೆನ್ನಿಗೇ ಕೆಲಕಾಲ ನೀಲಿ ಅಶೋಕ ಚಕ್ರ ಇತ್ತು. ಆನಂತರ ಬಂದುದೇ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ಈಗಿನ ವೃತ್ತ.

ಈ ವೃತ್ತವನ್ನು ಮಾದರಿಯ ಮೇಲೆ ಕೂರಿಸುವುದು ಡಿಕಾಲ್ ಮೂಲಕ. ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಬರುವ ತೆಳುಪೊರೆಯ ಚಿತ್ರವೇ ಡಿಕಾಲ್. ಒರಟಾದ ಮಂಕು ಬಣ್ಣದ ಮೇಲೆ ನೇರವಾಗಿ ಇಟ್ಟರೆ ಪೊರೆಯಡಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ, ಅದು ಅಂಟಿಸಿದ ಚಿತ್ರವೆಂಬುದು ಮಾರು ದೂರದಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಹೊಳಪಿನ ವಾರ್ನಿಷ್, ಬಳಿಕ ಡಿಕಾಲ್, ಅದರ ಮೇಲೆ ಪೊರೆಯನ್ನು ಮೆದುವಾಗಿಸುವ ದ್ರಾವಣ, ಕೊನೆಗೆ ಬೇಕೆನಿಸಿದರೆ ಮಂಕು ವಾರ್ನಿಷ್. ಭಾರತೀಯ ವಿಮಾನಗಳಿಗೆ ಇನ್ನೊಂದು ತೊಡಕುಂಟು. ಕೇಸರಿ ಶಾಯಿ ಅರೆಪಾರದರ್ಶಕ. ಅದರಡಿ ಬಿಳಿ ಪದರ ಅಚ್ಚಾಗಿಲ್ಲದಿದ್ದರೆ ಕಡುಹಸಿರಿನ ಮೇಲೆ ಇಟ್ಟೊಡನೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರ್ ಬಿಳಿಯನ್ನು ಮುದ್ರಿಸುವುದೇ ಇಲ್ಲ. ಹಾಗಾಗಿ ವೃತ್ತದ ಜಾಗಕ್ಕೆ ಮೊದಲೇ ಬಿಳಿ ಬಣ್ಣ ಹೊಡೆದು, ಅದರ ಮೇಲೆ ಡಿಕಾಲ್ ಇಡುವುದು ನಮ್ಮವರು ಕಂಡುಕೊಂಡ ಉಪಾಯ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ. 2001ರಲ್ಲಿ ಆರಂಭವಾದ ಎಚ್‌ಎಎಲ್ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಅಜೀತ್ ಮತ್ತು ಮಾರುತ ವಿಮಾನಗಳನ್ನು ಕಣ್ಣಾರೆ ನೋಡಬಹುದು. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿ, 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಬೆಂಗಳೂರಿನಲ್ಲಿ ಮೊದಲ ಸಲ ಹಾರಿಸಿದ ಎಚ್‌ಎಫ್-24 ಮಾರುತ ಅದು. 1970ರಲ್ಲಿ ಅದೇ ಮಾರುತದ ಪರೀಕ್ಷಾರ್ಥ ಹಾರಾಟದ ಅವಘಡದಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ದಿನವೂ ಟ್ರಾಫಿಕ್ಕಿನಲ್ಲಿ ನಿಲ್ಲುವ ಎಷ್ಟು ಮಂದಿಗೆ ಇದು ಗೊತ್ತು? ಅಂದಹಾಗೆ ಮಾರುತವೂ ಮೊದಲು ಮಾದರಿಯೇ ಆಗಿತ್ತು. ಜೆಟ್ ರೂಪ ತಾಳುವ ಮುನ್ನ ಅದೇ ಅಳತೆಯಲ್ಲಿ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದ್ದರು.

ಸಂಗ್ರಹಾಲಯದ ವಿಮಾನದಿಂದ ಏನನ್ನು ಕಲಿಯಬಹುದು, ಏನನ್ನು ಕಲಿಯಬಾರದು ಎಂಬ ವಿವೇಕವೂ ಬೇಕು. ಗಾಲಿಯ ಕಾಲಿನ ಓರೆ, ಗಾಳಿ ಸೇರುವ ಬಾಯಿಯ ಅಂಚಿನ ದಪ್ಪ, ಒಡಲಿನ ಕೆಳಗಿನ ಮುಚ್ಚಳಗಳ ಆಕಾರ ಇವೆಲ್ಲ ನಂಬತಕ್ಕವು. ಬಣ್ಣ ಅಲ್ಲ. ಬಯಲಿನಲ್ಲಿ ನಿಂತ ವಿಮಾನಕ್ಕೆ ಕಾಲಕಾಲಕ್ಕೆ ಹೊಸ ಬಣ್ಣ ಬಳಿಯುತ್ತಾರೆ. ಬಳಿಯುವವರ ಉದ್ದೇಶ ತುಕ್ಕು ತಡೆಯುವುದು, 1971ನ್ನು ಕಾಪಾಡುವುದಲ್ಲ.

ಕೊಳೆ ಎಷ್ಟಿರಬೇಕು?

ಇತ್ತೀಚಿನ ಮಾದರಿಗಳಲ್ಲಿ ಒಂದು ಚಾಳಿ ಹೆಚ್ಚುತ್ತಿದೆ. ಲೋಹದ ತಗಡುಗಳ ಸಂದುಗಳನ್ನೆಲ್ಲ ಕಪ್ಪು ಎಣ್ಣೆಬಣ್ಣದಿಂದ ತುಂಬಿ, ವಿಮಾನವನ್ನು ಚೌಕಳಿ ಲುಂಗಿಯಂತೆ ಮಾಡುವುದು. ಫೋಟೊದಲ್ಲಿ ಇದು ಸೊಗಸು. ಆದರೆ ಕಿಟ್‌ನಲ್ಲಿ ಕೊರೆದ 0.15 ಮಿ.ಮೀ. ಗೆರೆ 72 ಪಟ್ಟಾದರೆ ಒಂದು ಸೆಂಟಿಮೀಟರಿಗೂ ಮಿಕ್ಕ ಬಿರುಕು. ಅಂತಹ ಬಿರುಕುಗಳಿರುವ ವಿಮಾನದಲ್ಲಿ ಯಾವ ಪೈಲಟ್ ಹತ್ತಿಯಾನು? ಗೆರೆ ಮೊದಲೇ ಅಗಲವಾಗಿರುವಾಗ ಅದನ್ನು ಕಪ್ಪಾಗಿಸಿ ಎತ್ತಿ ತೋರಿಸುವುದಕ್ಕಿಂತ ಮೈಬಣ್ಣಕ್ಕಿಂತ ತುಸುವೇ ಗಾಢವಾದ ಬೂದುಬಣ್ಣದಿಂದ ಅಡಗಿಸುವುದು ಲೇಸು ಎಂಬುದು ಈ ಲೇಖಕನ ಅಭಿಪ್ರಾಯ. ಒಪ್ಪದವರು ಬಹಳ ಮಂದಿಯಿದ್ದಾರೆ.

ಕೊಳೆಗೂ ಕಾರಣವಿರಬೇಕು. ಎಂಜಿನ್ ಮುಚ್ಚಳದ ಕೆಳಗೆ ಎಣ್ಣೆಯ ಕಲೆ, ಫಿರಂಗಿಯ ಬಾಯಿಯ ಹಿಂದೆ ಮಸಿ, ಪೈಲಟ್ ಹತ್ತುವ ಜಾಗದಲ್ಲಿ ಬೂಟಿನ ಗೀರು ಇವು ಇರಬೇಕಾದವು. ಗಾಳಿಯ ಹರಿವಿನ ಎದುರು ದಿಕ್ಕಿಗೆ ಹರಿದ ಎಣ್ಣೆಯ ಕಲೆ ಇರಬಾರದ್ದು. ಎಲ್ಲಕ್ಕೂ ಕೊನೆಯಲ್ಲಿ ಗಾಜಿನ ಮೇಲಿನ ಟೇಪನ್ನು ಬಿಡಿಸಬೇಕು. ತಿಂಗಳ ಕೆಲಸ ಒಂದೇ ಏಟಿಗೆ ಕಣ್ಣಿಗೆ ಬೀಳುವುದು ಆಗ.

ಇನ್ನು ಉಳಿದದ್ದು ಮೂಗಿನ ತುದಿಯ ಗಾಳಿವೇಗ ಅಳೆಯುವ ನಳಿಕೆ. ಕಿಟ್‌ನಲ್ಲಿ ಕೊಡುವ ಪ್ಲಾಸ್ಟಿಕ್ಕಿನದು ಬೆಂಕಿಕಡ್ಡಿಯಷ್ಟು ದಪ್ಪಗಿರುತ್ತದೆ. ಅದನ್ನು ಬಿಸಾಕಿ, ಇನ್ಸುಲಿನ್ ಸಿರಿಂಜಿನ ಸೂಜಿಯನ್ನು ಕತ್ತರಿಸಿ ಬಳಸುವುದು ವಾಡಿಕೆ. ಅದರ ದಪ್ಪ ಸುಮಾರು 0.3 ಮಿ.ಮೀ., 72 ಪಟ್ಟಾದರೆ ಎರಡು ಸೆಂಟಿಮೀಟರಿನ ಆಸುಪಾಸು. ಬೇಡವಾದ ಚೂಪು ತುದಿಯನ್ನು ಮುರಿದು ಡಬ್ಬಿಯಲ್ಲಿ ಮುಚ್ಚಿಡಿ. ನಳಿಕೆಯನ್ನು ಮಾತ್ರ ವಿಮಾನ ಕಪಾಟು ಸೇರುವ ದಿನವೇ ಅಂಟಿಸಿ. ಅದಕ್ಕೂ ಮೊದಲು ಅಂಟಿಸಿದರೆ ಅಂಗಿಯ ತೋಳಿಗೆ ತಗುಲಿ ಬಾಗದೆ ಇರುವುದಿಲ್ಲ.